ಎಡಮಗ್ಗುಲು ಕೆಳಗೆ

ಫೆಬ್ರವರಿ 9

ಅಣ್ಣಾ,

ಫೋನ್ ಮಾಡಿದರೆ ನೀನು ಕೂಗಾಡುತ್ತೀಯ, ನಾನು ಇಟ್ಟುಬಿಡುತ್ತೇನೆ, ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಕೂರುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಎಷ್ಟು ಬೇಕಾದರೂ ಕೂಗು, ನನಗೆ ಕೇಳಿಸುವುದಿಲ್ಲ.

ನಾನೊಂದು ಜೆಟ್ ಸ್ಕೀ ಕೊಳ್ಳಬೇಕು. ಹಳೆಯದು. ಸೋಫಾದ ಮೇಲೆ ಕೂತ ಹಾಗೆ ಕೂತು ಓಡಿಸುವಂಥದ್ದಲ್ಲ, ನಿಂತು ಓಡಿಸುವಂಥದ್ದು. ಸೀಟೇ ಇರುವುದಿಲ್ಲವಲ್ಲ, ಹಿಂದೆ ಪಾದ ಇಡಲು ತೊಟ್ಟಿಯಂಥ ಜಾಗ, ಮುಂದೆ ಮೇಲೆ ಕೆಳಗೆ ಆಡುವ ಉದ್ದನೆಯ ಹ್ಯಾಂಡಲ್, ಅಷ್ಟೇ. ಅದು.

ಈ ಊರಿನಲ್ಲಿ ಈಗ ಮೂರು ಮಾರಾಟಕ್ಕಿವೆ. ಒಂದು ಹಲ್ಲಿನ ಡಾಕ್ಟರರದು. ಒಂದು ಟೈಲ್ಸ್ ಅಂಗಡಿಯವನದು. ಇನ್ನೊಂದು ಸರೋವರದ ದೋಣಿಕಟ್ಟೆಯ ಕಂಪನಿಯದು. ನೀನು ಹಡಗುಕಟ್ಟೆಯಲ್ಲಿ ಇಷ್ಟು ವರ್ಷ ಎಂಜಿನ್ ಬಿಚ್ಚಿದವನು. ಹೊಸಬರು ಹಳೆಯ ಗಾಡಿ ಕೊಳ್ಳುವಾಗ ಏನೇನು ಮುಟ್ಟಿ ನೋಡಬೇಕು, ಬರೆ. ಯಾಕೆ ಅಂತ ಕೇಳಬೇಡ. ದುಡ್ಡಿನ ಮಾತೂ ಬೇಡ, ಅದಕ್ಕೆ ದಾರಿ ಮಾಡಿಕೊಂಡಿದ್ದೇನೆ.

ನಾವು ಚೆನ್ನಾಗಿದ್ದೇವೆ. ಲಾಂಡ್ರಿ ಎಂದಿನಂತೆ. ಆಸ್ಪತ್ರೆಯ ಹಾಸಿಗೆ ಖಾಲಿ ಬೀಳುವುದಿಲ್ಲ, ನಮ್ಮ ಮಷಿನೂ ನಿಲ್ಲುವುದಿಲ್ಲ. ಊಟ ಮಾಡುತ್ತೇನೆ. ಉಪ್ಪು ಹೆಚ್ಚಾದರೆ ಮಗಳೇ ಹೇಳುತ್ತಾಳೆ, ನನಗೆ ಗೊತ್ತಾಗುವುದಿಲ್ಲ.

ನಿನ್ನ ತಂಗಿ


ಫೆಬ್ರವರಿ 20

ತಂಗೀ,

ಕೇಳಬೇಡ ಅಂದರೆ ಕೇಳದೇ ಇರಲು ನಾನೇನು ನಿಮ್ಮ ಲಾಂಡ್ರಿಯ ಸೂಪರ್‌ವೈಸರಾ? ನಿನಗೆ ತಲೆ ಕೆಟ್ಟಿದೆ. ಆ ನೀರು ನಮ್ಮ ಮನೆಗೆ ಏನು ಮಾಡಿತು ಅಂತ ನಿನಗೆ ನಾನು ಹೇಳಬೇಕಾ? ಇನ್ನೂ ವರ್ಷ ತುಂಬಿಲ್ಲ.

ಆ ಗಾಡಿ ಯಾರದು ಗೊತ್ತಾ? ನೀರಿನ ದಂಡೆಗೆಲ್ಲ ಬೇಲಿ ಹಾಕಿ, ಬಲೆ ಹಾಕುವವರನ್ನೂ ಬಟ್ಟೆ ಒಗೆಯುವವರನ್ನೂ ಓಡಿಸಿ, ಆಮೇಲೆ ಅದೇ ನೀರಿನ ಮೇಲೆ ಬುರ್ರೆಂದು ಸುತ್ತುತ್ತಾರಲ್ಲ, ಅವರ ಆಟದ ಸಾಮಾನು. ಊರವರ ರಕ್ತದ ಕಲೆ ತೊಳೆಯುವ ಹೆಂಗಸು ನೀನು. ನಿನಗೆ ಯಾಕೆ ಅದು? ಬೇಕೇ ಬೇಕು ಅಂದರೆ ಕೂತು ಓಡಿಸುವುದನ್ನು ತಗೋ, ಮಗಳನ್ನೂ ಹಿಂದೆ ಕೂರಿಸಿಕೊಳ್ಳಬಹುದು. ನಿಂತು ಓಡಿಸುವುದು ಒಂಟಿ ಮನುಷ್ಯರ ಗಾಡಿ.

ಇಷ್ಟು ಬೈದ ಮೇಲೂ ಕೈ ಸುಮ್ಮನಿರುವುದಿಲ್ಲ, ಬರೆಯುತ್ತೇನೆ. ಕೇಳು. ಹೊಸಬರಿಗೆ ಅಗಲ ಒಡಲಿನದು ಬೇಕು, ಕಿರಿದಾದದ್ದು ಹಾವಿನ ಹಾಗೆ ಜಾರುತ್ತದೆ. ಕಂಪನಿಯಿಂದ ಬಂದದ್ದು ಬಂದ ಹಾಗೇ ಇರಬೇಕು. ಅದು ಬದಲಾಯಿಸಿದೆ, ಇದು ಹೆಚ್ಚಿಸಿದೆ ಎಂದು ಮಾರುವವನು ಹಲ್ಲು ಕಿರಿದರೆ ಎದ್ದು ಬಾ. ಉಪ್ಪುನೀರಿನಲ್ಲಿ ಓಡಿದ್ದು ಬೇಡ. ನೀನು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಅದು ಹೊತ್ತಿಕೊಳ್ಳುವುದಿಲ್ಲ ಎಂದು ಅರ್ಥ. ಮೂತಿ ಎತ್ತಿ ನೋಡು. ಅಸಾಧ್ಯ ಭಾರ ಇದ್ದರೆ ಒಡಲೊಳಗಿನ ಸ್ಪಂಜು ನೀರು ಕುಡಿದಿದೆ. ಎರಡೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಸರಿಸಮ ಇರಬೇಕು. ಕೈಗೆ ಕಟ್ಟಿಕೊಳ್ಳುವ ದಾರ ಎಳೆದರೆ ಎಂಜಿನ್ ತಟ್ಟನೆ ಸಾಯಬೇಕು. ಬಾಡಿಗೆಗೆ ಬಿಟ್ಟಿದ್ದ ಗಾಡಿಯ ಹತ್ತಿರವೂ ಸುಳಿಯಬೇಡ, ಅದನ್ನು ಸಾವಿರ ಜನ ಒದ್ದಿರುತ್ತಾರೆ.

ಮಗಳು ಹೇಗಿದ್ದಾಳೆ ಎಂದು ಒಂದು ಸಾಲು ಬರೆಯಲು ನಿನಗೇನು ದಾಡಿ?

ಅಣ್ಣ


ಮಾರ್ಚ್ 6

ಅಣ್ಣಾ,

ಹಲ್ಲಿನ ಡಾಕ್ಟರರ ಮನೆಗೆ ಹೋಗಿದ್ದೆ. ನಮ್ಮ ಲಾಂಡ್ರಿ ವ್ಯಾನಿನ ಡ್ರೈವರ್ ಜೊತೆಗೆ ಬಂದ. ಗ್ಯಾರೇಜಿನಲ್ಲಿ ಗಾಡಿಗೆ ಹೊದಿಕೆ ಹೊದಿಸಿ ಇಟ್ಟಿದ್ದರು. ಕಿತ್ತಳೆ, ನೇರಳೆ, ಮೇಲೆ ಬೆಂಕಿಯ ಚಿತ್ರ.

"ಯಾರಿಗಮ್ಮ ಇದು, ಮಗನಿಗಾ?" ಅಂದರು.

"ನನಗೆ."

ಅವರ ಹೆಂಡತಿ ಒಳಗಿನಿಂದ ಇಣುಕಿ ನೋಡಿದರು. ಡಾಕ್ಟರು ಗಂಟಲು ಸರಿಮಾಡಿಕೊಂಡು, "ಇದಕ್ಕೆ ಬ್ಯಾಲೆನ್ಸ್ ಬೇಕಾಗತ್ತೆ, ಸ್ವಲ್ಪ ವಯಸ್ಸೂ ಚಿಕ್ಕದಿರಬೇಕು" ಅಂದರು.

"ಒದ್ದೆ ಬೆಡ್‌ಶೀಟಿನ ತಳ್ಳುಗಾಡಿ ದಿನಾ ತಳ್ತೀನಿ ಸಾರ್. ಅದಕ್ಕೂ ಬ್ಯಾಲೆನ್ಸ್ ಬೇಕು."

ಮುಚ್ಚಳ ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. "ಈಗಷ್ಟೇ ಓಡಿಸಿದ್ರಾ?" ಅಂದೆ. "ಇಲ್ಲಪ್ಪ, ಬಿಸಿಲಿಗೆ" ಅಂದರು. ಗ್ಯಾರೇಜಿನೊಳಗೆ ಬಿಸಿಲು ಎಲ್ಲಿಂದ ಬಂತೋ. ಡ್ರೈವರ್ ಆಚೆ ಬಂದ ಮೇಲೆ, "ಹಲ್ಲು ಕೀಳೋ ಮುಂಚೆನೂ ನೋವಾಗಲ್ಲ ಅಂತ ಹಿಂಗೇ ಹೇಳ್ತಾನೆ ಅನ್ಸತ್ತೆ" ಅಂದ. ಅವನು ನಕ್ಕ, ನಾನೂ ಬಾಯಿ ಅಗಲಿಸಿದೆ.

ಟೈಲ್ಸ್ ಅಂಗಡಿಯವನ ಗಾಡಿಯ ಮೂತಿಯನ್ನು ನಾವಿಬ್ಬರೂ ಸೇರಿ ಎತ್ತಿದರೂ ಏಳಲಿಲ್ಲ. ನೀನು ಹೇಳಿದ್ದೇ, ನೀರು ಕುಡಿದಿದೆ.

ಮಗಳ ವಿಷಯ ಕೇಳಿದೆಯಲ್ಲ. ಕಾಲೇಜಿಗೆ ಹೋಗುತ್ತಾಳೆ. ದೋಣಿಕಟ್ಟೆ ದಾರಿ ಬಿಟ್ಟು ಸುತ್ತಿ ಹೋಗುತ್ತಾಳೆ. ಯಾಕೆ ಎಂದು ನಿನಗೂ ಗೊತ್ತಿದೆ, ಗೊತ್ತಿಲ್ಲ ಎನ್ನಬೇಡ. ಬರೆಯುವುದು ಕಷ್ಟ ಅಂತ ನೀನು ನಿನ್ನ ಭಾವನನ್ನು 'ಆ ನೀರು' ಅನ್ನುತ್ತೀಯ. ಕಟ್ಟೆಯಲ್ಲಿ ಕೆಲಸಕ್ಕಿದ್ದವನು, ಉದ್ದನೆಯ ಕಾಲಿನವನು, ಓಡುವ ಗಾಡಿಯ ಮೇಲೆ ಒಂದೇ ಕಾಲಲ್ಲಿ ನಿಲ್ಲುತ್ತಿದ್ದ ಎಂದು ಕಟ್ಟೆಯವರೆಲ್ಲ ಅವನನ್ನು ಕೊಕ್ಕರೆ ಅನ್ನುತ್ತಿದ್ದರು. ಪ್ರೀತಿಯ ಹೆಸರು. ಈಗ ಅಲ್ಲಿ ಯಾರಾದರೂ ಗಾಡಿ ಮಗುಚಿದಾಗ ತಪ್ಪು ಮಗ್ಗುಲಿಗೆ ತಿರುಗಿಸಿದರೆ 'ಕೊಕ್ಕರೆ ಹೊಡೆದ' ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ತಟ್ಟೆ ಬೀಳಿಸಿದರೂ ಅದೇ. ಮೊನ್ನೆ ಕಾಲೇಜಿನಲ್ಲಿ ಒಬ್ಬಳು ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ತಪ್ಪು ಓದಿಕೊಂಡಳಂತೆ, ಪಕ್ಕದವಳು ಅದೇ ಮಾತು ಅಂದಳಂತೆ. ಅಂದವಳಿಗೆ ಅದು ಯಾರ ಹೆಸರು ಎಂದೇ ಗೊತ್ತಿಲ್ಲ. ನನ್ನ ಮಗಳು ಬಂದು ನನ್ನ ಹತ್ತಿರ ಹೇಳಿ, ಕೈ ತೊಳೆದುಕೊಂಡು ಊಟಕ್ಕೆ ಕೂತಳು.

ಮೂರನೆಯ ಗಾಡಿ ನೋಡುವುದು ಬಾಕಿ ಇದೆ.

ತಂಗಿ


ಮಾರ್ಚ್ 15

ತಂಗೀ,

ನಿನ್ನ ಕಾಗದ ಎರಡು ಸಲ ಓದಿದೆ. ನನಗೆ ಹೆದರಿಕೆಯಾಗಿದೆ. ನಾನು ಹೆದರುವ ಪೈಕಿ ಅಲ್ಲ, ಪೊಲೀಸರ ಲಾಠಿಗೆ ಬೆನ್ನು ಕೊಟ್ಟವನು, ನಿನಗೆ ಗೊತ್ತು.

ನೇರವಾಗಿ ಕೇಳುತ್ತೇನೆ. ಒಂಟಿ ಗಾಡಿ, ಅದೇ ಸರೋವರ, ಯಾಕೆ ಅಂತ ಕೇಳಬೇಡ ಅನ್ನುವ ಮಾತು. ನೀನು ಅವನ ಹಿಂದೆ ಹೋಗಲು ನೋಡುತ್ತಿದ್ದೀಯಾ? ಹಾಗಿದ್ದರೆ ಹೇಳು, ಕೆಲಸ ಬಿಟ್ಟು ನಾಳೆಯೇ ಬರುತ್ತೇನೆ. ಮಗಳನ್ನು ಇಲ್ಲಿಗೆ ಕಳಿಸು. ನಿಮ್ಮತ್ತಿಗೆ ಈಗಾಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಭಾವನ ವಿಷಯ ನಾನು ಎತ್ತುವುದಿಲ್ಲ, ನಿಜ. ಏನೆಂದು ಎತ್ತಲಿ? ಮಗುಚಿದ ಗಾಡಿಯನ್ನು ಎಡಮಗ್ಗುಲು ಕೆಳಗೆ ಮಾಡಿಯೇ ಎತ್ತಬೇಕು, ಇಲ್ಲದಿದ್ದರೆ ಎಂಜಿನ್ನಿಗೆ ನೀರು ನುಗ್ಗುತ್ತದೆ ಎಂದು ಕಟ್ಟೆಯ ಹೊಸಬರಿಗೆಲ್ಲ ಕಲಿಸಿದವನೇ ಅವನು. ಅವತ್ತು ಬಿರುಗಾಳಿ, ಚಳಿ, ಆಚೆ ಸಿಕ್ಕಿಕೊಂಡ ಗಿರಾಕಿಗಳ ದೋಣಿಗೆ ದಾರಿ ತೋರಿಸಿ ಕರೆತರುವ ಅವಸರ. ಕೈ ತಪ್ಪಿತು. ಎಂಜಿನ್ನಿನ ತುಂಬ ನೀರು ಇತ್ತು ಎಂದು ವರದಿ ಬರೆದವರು ಸುಳ್ಳು ಹೇಳಿರಲಿಕ್ಕಿಲ್ಲ. ಮನುಷ್ಯ ಅಂದಮೇಲೆ ಕೈ ತಪ್ಪುತ್ತದೆ. ಅದನ್ನು ಎದೆಗೆ ಕಟ್ಟಿಕೊಂಡು ನೀನು ಸಾಯಬೇಡ.

ಆಟಕ್ಕೇ ಬೇಕು ಅಂದರೆ ಡಾಕ್ಟರನದನ್ನೇ ತಗೋ, ಬೆಂಕಿಯ ಚಿತ್ರ ಕೆರೆದು ಹಾಕಿದರಾಯಿತು. ಕಂಪನಿಯದು ಮಾತ್ರ ಬೇಡ.

ಅಣ್ಣ


ಏಪ್ರಿಲ್ 2

ಅಣ್ಣಾ,

ನನ್ನ ಸೂಪರ್‌ವೈಸರಿಗೆ ಫೋನ್ ಮಾಡಿ ನನ್ನ ಮೇಲೆ ಕಣ್ಣಿಡಿ ಅಂದೆಯಂತೆ. ಅವಳು ಬಚ್ಚಲಿಗೂ ಹಿಂದೆ ಬರುತ್ತಾಳೆ. ಕಾಗದದಲ್ಲಿ ಅದೊಂದನ್ನು ಬಿಟ್ಟು ಎಲ್ಲ ಬರೆದಿದ್ದೀಯ. ಸಾಯುವುದಕ್ಕೆ ಗಾಡಿ ಕೊಳ್ಳಬೇಕಾಗಿಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು.

ಕಂಪನಿಯ ಗಾಡಿ ತಗೊಂಡೆ.

ಕಟ್ಟೆಯ ಹಳಬರು ನನ್ನನ್ನು ಕಂಡರೆ ತಲೆ ತಗ್ಗಿಸಿ ಆಚೆ ಹೋಗುತ್ತಾರೆ, ನಿನಗೆ ಗೊತ್ತಲ್ಲ. ಆದರೆ ಮಾರಾಟಕ್ಕೆ ಹೊಸಬನನ್ನು ಕೂರಿಸಿದ್ದಾರೆ. ದಪ್ಪ ಮೀಸೆಯವನು, ಎರಡು ಮಕ್ಕಳ ತಂದೆ, ಒಳ್ಳೆಯವನೇ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಅಕ್ಕ ಅಕ್ಕ ಎಂದು ಕುರ್ಚಿ ಒರೆಸಿ ಕೂರಿಸಿದ.

"ಹೊಸಬರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ ಅಕ್ಕ. ಅಗಲ ಇದೆ, ಹೇಳಿದ ಮಾತು ಕೇಳತ್ತೆ. ಮೊದಲು ಹೊಟ್ಟೆ ಮೇಲೆ ಮಲಗಿ ಓಡ್ಸಿ, ಆಮೇಲೆ ಮಂಡಿ, ಆಮೇಲೆ ಎದ್ದು ನಿಂತ್ಕೊಳ್ಳಿ."

"ಮಗುಚಿದ್ರೆ?"

"ಮಗುಚೇ ಮಗುಚತ್ತೆ, ಅದಕ್ಕೇನು ನಾಚ್ಕೆ. ಇಲ್ನೋಡಿ, ಹಿಂದ್ಗಡೆ ಸ್ಟಿಕ್ಕರ್ ಇದೆ. ಎಡಮಗ್ಗುಲು ಕೆಳಗೆ ಮಾಡಿ ಎತ್ತಿ. ಕೊಕ್ಕರೆ ಹೊಡೀಬೇಡಿ ಅಷ್ಟೇ."

"ಹಂಗಂದ್ರೇನಪ್ಪ?"

ಅವನು ಕತೆ ಹೇಳಿದ. ಇಲ್ಲಿ ಒಬ್ಬ ಇದ್ದನಂತೆ, ಎಲ್ಲರಿಗೂ ಪಾಠ ಮಾಡುತ್ತಿದ್ದನಂತೆ, ಕೊನೆಗೆ ತಾನೇ ಮರೆತನಂತೆ. ಲೈಫ್ ಜಾಕೆಟ್ ಹಾಕಿದ್ದರಿಂದ ಮುಳುಗಲಿಲ್ಲ, ಚಳಿಗೆ ಹೋದನಂತೆ, ಬೆಳಿಗ್ಗೆ ಸಿಕ್ಕಾಗ ಹ್ಯಾಂಡಲ್ ಹಿಡಿದುಕೊಂಡೇ ಇದ್ದನಂತೆ. "ಪಾಪ, ಆದ್ರೂ ನೋಡಿ, ಕಲಿಸೋನೇ ಹಿಂಗ್ ಮಾಡ್ಬಿಟ್ರೆ" ಅಂದ. ನಾನು ಓಹೋ ಅಂದೆ. ಮುಚ್ಚಳ ತೆಗಿ ಅಂದೆ.

ಈಗ ನಿನಗೆ ಯಾಕೆ ಎಂದು ಹೇಳುತ್ತೇನೆ. ಅದು ಅವನು ಹಿಡಿದುಕೊಂಡಿದ್ದ ಗಾಡಿಯೇ. ಅವತ್ತು ಅದು ಕಂಪನಿಯ ರಿಪೇರಿ ಶೆಡ್ಡಿನಿಂದ ಆಗಷ್ಟೇ ವಾಪಸ್ ಬಂದಿತ್ತು, ಅವನು ದಿನಾ ಓಡಿಸುವುದನ್ನು ಬೇರೆ ಯಾರೋ ತಗೊಂಡು ಹೋಗಿದ್ದರು, ಕೈಗೆ ಸಿಕ್ಕಿದ್ದು ಇದು. ಕೇಸು ಮುಗಿಯಿತು ಎಂದು ಈಗ ಮಾರುತ್ತಿದ್ದಾರೆ. ನೀವೆಲ್ಲ ಕೈ ತಪ್ಪಿತು ಅನ್ನುತ್ತೀರಿ. ಅವನು ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದರೂ ಎಡಕ್ಕೇ ತಿರುಗುತ್ತಿದ್ದ. ಪಕ್ಕದಲ್ಲಿ ಮಲಗಿದವಳು ನಾನು, ವರದಿ ಬರೆದವನಲ್ಲ.

ಗಾಡಿ ಈಗ ನಮ್ಮ ಮನೆಯ ಮುಂದಿನ ಓಣಿಯಲ್ಲಿದೆ. ನೀನು ಹೇಳಿದ್ದೆಲ್ಲ ನೋಡಿದೆ. ಕಂಪ್ರೆಷನ್ ಸಮ, ತುಕ್ಕಿಲ್ಲ, ದಾರ ಎಳೆದರೆ ಸಾಯುತ್ತದೆ. ಒಂದೇ ಅನುಮಾನ. ಒಡಲಿನ ಮೇಲೆ ಒಂದು ಕಂಪನಿಯ ಹೆಸರಿದೆ, ಎಂಜಿನ್ ಮೇಲೆ ಬೇರೆ ಕಂಪನಿಯದು. ಹೊಗೆಯೂ ನೀರೂ ಬಂದು ಬೀಳುವ ದೊಡ್ಡ ಕರಿ ಡಬ್ಬಿ ಇದೆಯಲ್ಲ, ಅದು ಬಲಗಡೆ ಇದೆ. ಎಡಗಡೆ ಅದೇ ಅಳತೆಯ ಖಾಲಿ ಜಾಗ, ಹಳೆಯ ಪಟ್ಟಿಯ ಗುರುತು. ಹೀಗಿರಬಹುದಾ?

ತಂಗಿ


ಏಪ್ರಿಲ್ 11

ತಂಗೀ,

ಗಾಡಿಯನ್ನು ಮುಟ್ಟಬೇಡ. ನೀರಿಗೆ ಇಳಿಸಬೇಡ. ಒಂದು ಬೋಲ್ಟೂ ತಿರುಗಿಸಬೇಡ. ಫೋನ್ ಮಾಡಿದೆ, ನೀನು ಎತ್ತುತ್ತಿಲ್ಲ. ಬೈಯುವುದಕ್ಕಲ್ಲ ಕಣೇ, ಎತ್ತು.

ಹೀಗಿರಬಹುದು. ಹೀಗೇ ಇದೆ. ಮಗುಚಿದ ಗಾಡಿಯನ್ನು ಎತ್ತುವಾಗ ಅದು ಅರ್ಧ ದಾರಿಯಲ್ಲಿ ಒಂದು ಮಗ್ಗುಲಾಗಿ ಮಲಗುತ್ತದೆ. ಆಗ ಡಬ್ಬಿಯಿರುವ ಕಡೆ ಕೆಳಗಿರಬೇಕು. ಡಬ್ಬಿ ಮೇಲಾದರೆ ಅದರೊಳಗಿನ ನೀರೆಲ್ಲ ಎಂಜಿನ್ನಿಗೆ ಸುರಿಯುತ್ತದೆ. ಹಳೆಯ ಎಂಜಿನ್ನಿಗೆ ಡಬ್ಬಿ ಎಡಗಡೆ ಇತ್ತು, ಅದಕ್ಕೇ ಎಡಮಗ್ಗುಲು ಕೆಳಗೆ ಎಂಬ ಸ್ಟಿಕ್ಕರ್. ಶೆಡ್ಡಿನಲ್ಲಿ ಅಗ್ಗದ ಬೇರೆ ಎಂಜಿನ್ ಕೂರಿಸಿ ಡಬ್ಬಿಯನ್ನು ಬಲಕ್ಕೆ ತಂದಿದ್ದಾರೆ. ಸ್ಟಿಕ್ಕರ್ ಹಾಗೇ ಉಳಿದಿದೆ. ಯಾರಿಗೂ ಹೇಳಿಲ್ಲ.

ಭಾವ ತಪ್ಪು ಮಾಡಿದ್ದರೆ ಬದುಕುತ್ತಿದ್ದ. ಸರಿಯಾಗಿ ತಿರುಗಿಸಿದ್ದಕ್ಕೇ ಸತ್ತ.

ಸತ್ತವನ ತಲೆಗೆ ಕಟ್ಟುವುದು ಎಷ್ಟು ಸುಲಭ ನೋಡು, ಅವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ಹೀಗೇ ಇವರು ಬದುಕಿರುವುದು, ದುಡಿಯುವವನ ಹೆಣದ ಮೇಲೆ ಒಂದು ಸಾಲು ಬರೆದು: ಅಜಾಗರೂಕತೆ. ನಾನು ಬರುತ್ತೇನೆ. ಯೂನಿಯನ್ನಿನ ಹಳೆಯ ಗೆಳೆಯರನ್ನು ಕರೆದುಕೊಂಡು ಬರುತ್ತೇನೆ. ಅವರ ಗೇಟಿನ ಮುಂದೆ ಕೂರುತ್ತೇವೆ. ಪತ್ರಿಕೆಯವರ ಮುಂದೆ ಮುಚ್ಚಳ ತೆಗೆಯೋಣ. ಅಲ್ಲಿಯವರೆಗೆ ಅದು ಇದ್ದ ಹಾಗೇ ಇರಲಿ.

ನಿನ್ನ ಹೆಸರಿಗೆ ಕೊಂಡಿದ್ದೀಯಾ, ಇಲ್ಲಾ ಡ್ರೈವರನ ಹೆಸರಿಗಾ? ಅದೊಂದು ನನ್ನನ್ನು ಕೊರೆಯುತ್ತಿದೆ.

ಅಣ್ಣ


ಏಪ್ರಿಲ್ 19

ಅಣ್ಣಾ,

ನಿನ್ನ ಕಾಗದ ಇವತ್ತು ಬಂತು. ನಾನು ನಿನ್ನೆಯೇ ಇಳಿಸಿಬಿಟ್ಟಿದ್ದೆ.

ಕಾಯಬೇಕು ಅನ್ನಿಸಲಿಲ್ಲ. ಊರಾಚೆಯ ಬಯಲು ದಂಡೆಯಲ್ಲಿ, ಸೊಂಟದುದ್ದ ನೀರಿನಲ್ಲಿ, ನಾನೂ ಡ್ರೈವರನೂ. ಓಡಿಸಿದೆವು, ಆರಿಸಿದೆವು, ಮಗುಚಿದೆವು, ಎಡಮಗ್ಗುಲು ಕೆಳಗೆ ಮಾಡಿ ಎತ್ತಿದೆವು. ಗುಂಡಿ ಒತ್ತಿದರೆ ಟಕ್ ಎಂದಿತು, ಅಷ್ಟೇ. ಪ್ಲಗ್ ಬಿಚ್ಚಿ ಮತ್ತೆ ಒತ್ತಿದಾಗ ಎರಡೂ ತೂತಿನಿಂದ ನೀರು ಡ್ರೈವರನ ಮುಖಕ್ಕೇ ಹಾರಿತು. ಒಣಗಿಸಿ, ಪ್ಲಗ್ ಬಿಗಿ ಮಾಡಿ, ಇನ್ನೊಮ್ಮೆ ಮಗುಚಿ, ಬಲಮಗ್ಗುಲು ಕೆಳಗೆ ಮಾಡಿ ಎತ್ತಿದೆವು. ಒಂದೇ ಸಲಕ್ಕೆ ಹೊತ್ತಿಕೊಂಡಿತು.

ಡ್ರೈವರ್ ಅತ್ತ. ನನಗೆ ಅಳು ಬರಲಿಲ್ಲ. ದಾರ ಎಳೆದು ಎಂಜಿನ್ ಆರಿಸಿದೆ.

ನೇರ ಮ್ಯಾನೇಜರ್ ಹತ್ತಿರ ಹೋದೆ. ಒದ್ದೆ ಬಟ್ಟೆಯಲ್ಲೇ. ಕುರ್ಚಿ ತೋರಿಸಿದರು, ಕೂರಲಿಲ್ಲ. ಎಲ್ಲ ಕೇಳಿಸಿಕೊಂಡು ಬಹಳ ಮೆತ್ತಗೆ ಹೇಳಿದರು: "ಅಮ್ಮ, ನಿಮ್ಮ ನೋವು ನಮಗೆ ಅರ್ಥ ಆಗತ್ತೆ. ಆದ್ರೆ ಗಾಡಿ ಈಗ ನಿಮ್ಮದು. ನಿಮ್ಮನೇಲಿ ಎರಡು ವಾರದ ಮೇಲಿಂದ ಇದೆ. ಎಂಜಿನ್ ಯಾವಾಗ ಯಾರು ಬದಲಾಯಿಸಿದ್ರು ಅಂತ ನಾವ್ಹೇಗೆ ಹೇಳೋಣ? ನಿಮ್ಮಣ್ಣ ಎಂಜಿನ್ ಮೆಕ್ಯಾನಿಕ್ ಅಲ್ವಾ?"

ನಿನ್ನನ್ನು ಕೊರೆಯುತ್ತಿದ್ದದ್ದು ಇದೇ ತಾನೇ. ನನ್ನ ಹೆಸರಿಗೇ ಕೊಂಡಿದ್ದೇನೆ. ಅವರ ಕೈಯಲ್ಲಿದ್ದಾಗ ಅದು ಸಾಕ್ಷಿ, ನಾನು ರುಜು ಹಾಕಿದ ಗಳಿಗೆಯಿಂದ ಅದು ಬರೀ ಗಾಡಿ. ಶೆಡ್ಡಿನವನನ್ನು ಕೇಳಿದೆ, ನೆನಪಿಲ್ಲ ಅಂದ. ಕಣ್ಣು ಮಾತ್ರ ಮೇಲೆತ್ತಲಿಲ್ಲ.

ನಿನ್ನ ಗೆಳೆಯರನ್ನು ಕರೆದುಕೊಂಡು ಬರಬೇಡ. ಅವರು ಬಂದು ಘೋಷಣೆ ಕೂಗಿ ಸಂಜೆಯ ಬಸ್ಸಿಗೆ ಹೋಗುತ್ತಾರೆ. ಕಟ್ಟೆಯಲ್ಲಿ 'ಕೊಕ್ಕರೆ ಹೊಡೆದ' ಅನ್ನುವವರು ಇಲ್ಲಿಯವರು, ಇಲ್ಲೇ ಇರುತ್ತಾರೆ.

ತಂಗಿ


ಏಪ್ರಿಲ್ 27

ತಂಗೀ,

ನಾನು ಏನು ಬರೆಯಲಿ? ಕೂಗಾಡಲೂ ಆಗುತ್ತಿಲ್ಲ. ಕೈ ತಪ್ಪಿತು ಅಂದೆನಲ್ಲ, ಆ ಕಾಗದ ಇದ್ದರೆ ಹರಿದು ಹಾಕು.

ಒಂದು ಮಾತು ಹೇಳುತ್ತೇನೆ. ಅಗ್ಗದ ಎಂಜಿನ್ ಕೂರಿಸುವವನು ಒಂದಕ್ಕೇ ಕೂರಿಸಿ ಸುಮ್ಮನಾಗುವುದಿಲ್ಲ. ಉಳಿದವುಗಳ ಮುಚ್ಚಳ ಯಾರಾದರೂ ತೆಗೆದು ನೋಡಿದ್ದಾರಾ?

ಅಣ್ಣ


ಜೂನ್ 14

ಅಣ್ಣಾ,

ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದು ನಡೆಯುತ್ತಲೇ ಇತ್ತು.

ನಿನ್ನ ಕಾಗದ ಹಿಡಿದು ಆ ಮೀಸೆಯವನ ಮನೆಗೆ ಹೋದೆ. ನಾನು ಯಾರು ಎಂದು ಅಷ್ಟರಲ್ಲಿ ಅವನಿಗೆ ಯಾರೋ ಹೇಳಿದ್ದರು. ಬಾಗಿಲಲ್ಲೇ ನಿಂತುಬಿಟ್ಟ. "ಅಕ್ಕ, ನಾನು ನಿಮ್ಮ ಮುಖದ ಮುಂದೇನೇ" ಎಂದು ಶುರು ಮಾಡಿದ. "ಅದಿರ್ಲಿ, ಬಾ ಕೈ ಹಾಕಿ ನೋಡು" ಎಂದು ಗಾಡಿ ಹೇರಿಕೊಂಡು ಬಂದಿದ್ದ ವ್ಯಾನಿನ ಹತ್ತಿರ ಕರೆತಂದೆ. ಮುಚ್ಚಳದೊಳಗೆ ಕೈಯಿಟ್ಟು ಡಬ್ಬಿ ಮುಟ್ಟಿದ. ಹಿಂದೆ ಬಂದು ಸ್ಟಿಕ್ಕರ್ ಓದಿದ. ಮತ್ತೆ ಮುಂದೆ ಹೋಗಿ ಮುಟ್ಟಿದ. ಹೆಂಡತಿ ಕರೆದರೂ ಓಗೊಡಲಿಲ್ಲ.

ಮಾರನೆಯ ದಿನ ಅವನೂ ಇನ್ನಿಬ್ಬರು ಹಳಬರೂ ಸೇರಿ ಕಂಪನಿಯ ಉಳಿದ ಗಾಡಿಗಳ ಮುಚ್ಚಳ ತೆಗೆದರು. ಎರಡರಲ್ಲಿ ಇದೇ ಕತೆ. ಆ ಎರಡನ್ನೂ ಅವರು ವಾರವಿಡೀ ಓಡಿಸಿದ್ದರು, ಪುಣ್ಯಕ್ಕೆ ಮಗುಚಿರಲಿಲ್ಲ. ಅವತ್ತು ಯಾರೂ ನೀರಿಗೆ ಇಳಿಯಲಿಲ್ಲ. ಘೋಷಣೆ ಇಲ್ಲ, ಬಾವುಟ ಇಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಸುಮ್ಮನೆ ಕೂತರು. ಗಿರಾಕಿಗಳು ಲೈಫ್ ಜಾಕೆಟ್ ಹಾಕಿಕೊಂಡು ಕಾದು ಕಾದು ಹೊರಟುಹೋದರು. ಮೂರನೆಯ ದಿನ ಮ್ಯಾನೇಜರ್ ಬಂದು ಸ್ಟಿಕ್ಕರ್ ಬದಲಾಯಿಸುತ್ತೇವೆ ಅಂದರು. ಎಂಜಿನ್ ಬದಲಾಯಿಸಿ ಅಂದರು ಇವರು. ಇನ್ನೂ ಎಳೆದಾಟ ನಡೆದಿದೆ. ಮೀಸೆಯವನನ್ನು ಕೆಲಸದಿಂದ ತೆಗೆದರು, ಉಳಿದವರು ಮತ್ತೆ ಕೂತರು, ಮತ್ತೆ ಸೇರಿಸಿಕೊಂಡರು. ವರದಿ ಮಾತ್ರ ಹಾಗೇ ಇದೆ. ಅದರಲ್ಲಿ ಇವತ್ತಿಗೂ ಅಜಾಗರೂಕತೆಯೇ. ಗಾಡಿಯನ್ನು ವಾಪಸ್ ಕೊಂಡುಕೊಳ್ಳುತ್ತೇವೆ ಎಂದು ಕಂಪನಿಯಿಂದ ಒಬ್ಬರು ಮನೆಗೆ ಬಂದಿದ್ದರು. ಕೊಡುವುದಿಲ್ಲ ಅಂದೆ.

ಸಂತೋಷವಾಯಿತಾ ಎಂದು ಕೇಳುತ್ತೀಯ. ಇಲ್ಲ. ಅವನು ಸರಿ ಇದ್ದ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ಗೊತ್ತಾದರೆ ಏನಾಗುತ್ತದೆ?

ಗಾಡಿ ಇದೆಯಲ್ಲ ಎಂದು ರಜೆಯ ದಿನ ನೀರಿಗೆ ಇಳಿಸುತ್ತೇನೆ. ಕಾರಣ ಏನೂ ಇಲ್ಲ. ಹೊಟ್ಟೆಯ ಮೇಲೆ ಮಲಗಿ ಓಡಿಸುವುದು ಬಂತು. ಮಂಡಿಯೂರುವುದೂ ಬಂತು. ಏಳಲು ಹೋದರೆ ಬೀಳುತ್ತೇನೆ. ಮಗಳು ದಂಡೆಯಲ್ಲಿ ಕೂತು, "ಅಮ್ಮ, ಬೆಡ್‌ಶೀಟ್ ಒಗೆದ ಹಾಗೆ ಬೀಳ್ತೀಯ" ಅನ್ನುತ್ತಾಳೆ. ಅವಳು ಕಟ್ಟೆಯ ದಾರಿಯಲ್ಲೇ ನಡೆದು ಬರುತ್ತಾಳೆ ಈಗ.

ನಿನ್ನೆ ಬೀಳುತ್ತಿದ್ದಾಗ ಕಟ್ಟೆಯ ಹಳಬರಿಬ್ಬರು ದೋಣಿಯಲ್ಲಿ ಆ ಕಡೆ ಹೋಗುತ್ತಿದ್ದರು. ಇಷ್ಟು ದಿನ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದವರು. ದೋಣಿ ನಿಲ್ಲಿಸಿದರು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು, ದಂಡೆಗೆಲ್ಲ ಕೇಳುವ ಹಾಗೆ ಕೂಗಿದ:

"ಕೊಕ್ಕರೆ ಹೆಂಡ್ತೀ, ಮಂಡಿ ಮಡ್ಚು, ಕಾಲು ಕಂಬ ಮಾಡ್ಕೊಂಡ್ರೆ ನೀರು ನಿಲ್ಸಲ್ಲ."

ಮಂಡಿ ಮಡಚಿದೆ.

ತಂಗಿ